ಬೆರೆಸಬೇಡಿ: ಔಷಧ ಕಾರ್ಖಾನೆಯ ನೀರು, ಡ್ರಮ್ಮು, ವಾಸನೆ ಮತ್ತು ಬೇಲಿಯಾಚೆಯ ಊರು

ಮಾಲೂರು, ವೇಮಗಲ್, ಗೌರಿಬಿದನೂರು, ವಸಂತನರಸಾಪುರದಂಥ ಕೈಗಾರಿಕಾ ಪ್ರದೇಶಗಳಲ್ಲಿ ಬಲ್ಕ್ ಡ್ರಗ್ (ಮಾತ್ರೆಗೆ ಬೇಕಾದ ಮೂಲ ಔಷಧ) ಘಟಕ ನಡೆಸುವವರಿಗೆ, ಅದರಲ್ಲೂ ಇಟಿಪಿ (ಕಾರ್ಖಾನೆಯ ಕೊಳೆನೀರು ಶುದ್ಧೀಕರಣ ಘಟಕ) ಆಪರೇಟರ್, ಶಿಫ್ಟ್ ಇನ್‌ಚಾರ್ಜ್ ಮತ್ತು ಸೇಫ್ಟಿ ಆಫೀಸರುಗಳಿಗೆ ಈ ಬರಹ. ಪಕ್ಕದ ಗ್ರಾಮ ಪಂಚಾಯಿತಿಯವರು ಓದಿದರೂ ಒಳ್ಳೆಯದೇ, ಕಾರ್ಖಾನೆಯವರನ್ನು ಏನು ಕೇಳಬೇಕೆಂಬುದು ಗೊತ್ತಾಗುತ್ತದೆ.

ಮೊದಲು ನಾವು ಕೂತಿರುವ ನೆಲ ಎಂಥದ್ದು ಅಂತ ನೋಡಬೇಕು. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಹುಟ್ಟುವುದು ಈ ಸೀಮೆಯಲ್ಲೇ. ಆದರೂ ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಇರುವುದು ಕೆರೆಗಳ ಸರಪಣಿ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. 2018ರಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕಳಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಿದ್ದಮೇಲೆ, ಬತ್ತಿ ಜಾಲಿ ಬೆಳೆದಿದ್ದ ಎಷ್ಟೋ ಕೆರೆಗಳು ಮತ್ತೆ ಒಂದಕ್ಕೊಂದು ಜೋಡಿಕೊಂಡಿವೆ. ಅಂದರೆ ನಿಮ್ಮ ಕಾಂಪೌಂಡಿನಿಂದ ತಪ್ಪಿ ಹೊರಟ ನೀರನ್ನು ದೂರ ಒಯ್ದು ತೆಳುವಾಗಿಸುವ ಹೊಳೆ ಇಲ್ಲ. ಅದು ಕೆರೆಯಲ್ಲಿ ನಿಲ್ಲುತ್ತದೆ, ಬೋರ್‌ವೆಲ್‌ಗೆ ಇಳಿಯುತ್ತದೆ, ಟೊಮೆಟೊ ತೋಟದ ಡ್ರಿಪ್ಪಿಗೆ ಬರುತ್ತದೆ, ಕೊನೆಗೆ ನಿಮ್ಮದೇ ಕ್ಯಾಂಟೀನಿನ ನಲ್ಲಿಗೂ ಬರುತ್ತದೆ.

ಇಲ್ಲಿ ಬಹುತೇಕ ಘಟಕಗಳಿಗೆ ಮಾಲಿನ್ಯ ನಿಯಂತ್ರಣ ಮಂಡಳಿ ಕೊಡುವ ಕನ್ಸೆಂಟ್ (ಘಟಕ ನಡೆಸುವ ಒಪ್ಪಿಗೆ ಪತ್ರ) ‘ಒಂದು ಹನಿಯೂ ಹೊರಗೆ ಬಿಡಬಾರದು’ ಎಂಬ ಷರತ್ತಿನದು. ಈ ಷರತ್ತು ಮುರಿಯುವುದು ಯಂತ್ರ ಸಾಲದ್ದಕ್ಕಿಂತ ಹೆಚ್ಚಾಗಿ ಬೆರೆಸಬಾರದ್ದನ್ನು ಬೆರೆಸಿದ್ದರಿಂದ.

ಎರಡು ಪೈಪು, ಎರಡು ತೊಟ್ಟಿ

ರಿಯಾಕ್ಟರಿನಿಂದ ಬರುವ ಮೊದಲ ತಾಯಿದ್ರವ (ಔಷಧದ ಹರಳು ಸೋಸಿ ತೆಗೆದ ಮೇಲೆ ಉಳಿಯುವ ದ್ರವ), ಉಪ್ಪಿನ ಲೇಯರ್, ಆವಿಯನ್ನು ತೊಳೆಯುವ ಸ್ಕ್ರಬ್ಬರಿನ ಬಳಸಿದ ನೀರು ಒಂದು ಜಾತಿ. ನೆಲ ತೊಳೆದದ್ದು, ಕೂಲಿಂಗ್ ಟವರಿನ ಬ್ಲೋಡೌನ್, ಎರಡನೇ ಮೂರನೇ ತೊಳೆತದ ನೀರು ಇನ್ನೊಂದು ಜಾತಿ. ಮೊದಲನೆಯದು ಸ್ಟ್ರಿಪ್ಪರ್ (ಸಾಲ್ವೆಂಟ್, ಅಂದರೆ ಕರಗಿಸುವ ದ್ರವ, ತೆಗೆಯುವುದು), ಎಂಇಇ (ನೀರನ್ನು ಹಲವು ಹಂತದಲ್ಲಿ ಆವಿ ಮಾಡುವುದು), ಎಟಿಎಫ್‌ಡಿ (ಉಳಿದದ್ದನ್ನು ಒಣ ಉಪ್ಪಾಗಿಸುವುದು) ದಾರಿಯಲ್ಲಿ ಹೋಗಬೇಕು. ಎರಡನೆಯದು ಗಾಳಿ ಊದಿ ಬ್ಯಾಕ್ಟೀರಿಯಾದಿಂದ ಕೊಳೆ ತಿನ್ನಿಸುವ ಏರೇಷನ್ ತೊಟ್ಟಿ, ಆಮೇಲೆ ಆರ್‌ಒ. ಟಿಡಿಎಸ್ (ನೀರಿನಲ್ಲಿ ಕರಗಿದ ಉಪ್ಪಿನಂಶ) ಲೀಟರಿಗೆ 5,000 ಮಿಲಿಗ್ರಾಂ ದಾಟಿದ್ದು ಮೊದಲ ದಾರಿಗೆ ಎಂದು ಇಟ್ಟುಕೊಳ್ಳಿ. ನಿಮ್ಮ ಕನ್ಸೆಂಟಿನಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ.

ಬೆರೆತರೆ ಏನಾಗುತ್ತದೆ ಎಂಬುದನ್ನು ಕಾಗದದ ಮೇಲೇ ಲೆಕ್ಕ ಹಾಕಬಹುದು. ದಿನಕ್ಕೆ 100 ಕಿಲೋಲೀಟರ್ ತಿಳಿನೀರು, ಟಿಡಿಎಸ್ 2,000. ಅದರಲ್ಲಿರುವ ಉಪ್ಪು 200 ಕೆಜಿ. ರಾತ್ರಿ ಪಾಳಿಯಲ್ಲಿ ಯಾರೋ 60,000 ಟಿಡಿಎಸ್‌ನ 10 ಕಿಲೋಲೀಟರನ್ನು ಅದೇ ತೊಟ್ಟಿಗೆ ತಿರುಗಿಸಿದರು. ಅದರಲ್ಲಿ 600 ಕೆಜಿ ಉಪ್ಪು. ಈಗ 110 ಕಿಲೋಲೀಟರಿನಲ್ಲಿ 800 ಕೆಜಿ, ಅಂದರೆ ಟಿಡಿಎಸ್ 7,270ರ ಸುತ್ತ. 10 ಕಿಲೋಲೀಟರ್ ಆವಿ ಮಾಡಿದ್ದರೆ ಮುಗಿಯುತ್ತಿದ್ದ ಕೆಲಸಕ್ಕೆ ಈಗ 110 ಕಿಲೋಲೀಟರ್ ಆವಿ ಮಾಡಬೇಕು. ಒಂದು ಟನ್ ಸ್ಟೀಮಿಗೆ ಎರಡೂವರೆ ಟನ್ ನೀರು ಹೋಗುವ ಎಂಇಇ ಆದರೆ 4 ಟನ್ ಸ್ಟೀಮಿನ ಜಾಗದಲ್ಲಿ 44 ಟನ್. ಎಂಇಇಗೆ ಅಷ್ಟು ತಾಕತ್ತಿರುವುದಿಲ್ಲ, ತೊಟ್ಟಿ ತುಂಬುತ್ತದೆ, ಬೇಲಿಯ ಹಿಂದಿನ ಹಳ್ಳದ ಕಡೆ ಯಾರದೋ ಕಣ್ಣು ಹೋಗುತ್ತದೆ. ಕಳ್ಳತನದಲ್ಲಿ ನೀರು ಬಿಡುವ ಪ್ರಕರಣಗಳ ಹಿಂದೆ ಇಂಥದ್ದೊಂದು ತುಂಬಿದ ತೊಟ್ಟಿ ಇದ್ದೇ ಇರುತ್ತದೆ.

ಇದಕ್ಕೆ ಮದ್ದು ಒಂದು ಚೀಟಿ. ಪ್ರೊಡಕ್ಷನ್ ಬ್ಲಾಕಿನಿಂದ ಇಟಿಪಿಗೆ ಹೊರಡುವ ಪ್ರತಿ ಬ್ಯಾಚಿನ ನೀರಿಗೂ ಪ್ರಾಡಕ್ಟ್ ಕೋಡ್, ಯಾವ ಹಂತ, ಎಷ್ಟು ಲೀಟರ್, ಪಿಎಚ್, ಟಿಡಿಎಸ್, ಯಾವ ಸಾಲ್ವೆಂಟ್ ಇದೆ ಎಂದು ಬರೆದ ಚೀಟಿ. ಇಟಿಪಿ ಆಪರೇಟರ್ ಸ್ವತಃ ಟಿಡಿಎಸ್ ಮೀಟರ್ ಅದ್ದಿ ನೋಡಿ ಸಹಿ ಹಾಕಿದ ಮೇಲೆ ವಾಲ್ವ್ ತೆಗೆಯಬೇಕು. ಎರಡು ತೊಟ್ಟಿಗಳ ನಡುವಿನ ವಾಲ್ವಿಗೆ ಬೀಗವಿರಲಿ, ಕೀ ಇಟಿಪಿಯಲ್ಲಿರಲಿ, ಪ್ರೊಡಕ್ಷನ್‌ನವರ ಬಳಿ ಬೇಡ. ಪೈಪುಗಳಿಗೆ ಎರಡು ಬಣ್ಣ ಬಳಿದು, ನೆಲದಡಿ ಹೂಳದೆ ತಲೆಯೆತ್ತಿದರೆ ಕಾಣುವಂತೆ ಮೇಲೇ ಎಳೆಯಿರಿ. ಹೂತ ಪೈಪು ಸೋರಿದರೆ ಮೊದಲು ಗೊತ್ತಾಗುವುದು ಪಕ್ಕದ ಬೋರ್‌ವೆಲ್‌ನವರಿಗೆ.

ಕೆಲವು ನೀರನ್ನು ಯಾವ ತೊಟ್ಟಿಗೂ ನೇರ ಬಿಡುವಂತಿಲ್ಲ. ಸಾರ್ಟನ್ ಗುಂಪಿನ ಹಲವು ಬಿಪಿ ಔಷಧಗಳ ತಯಾರಿಕೆಯಲ್ಲಿ ಬಳಸುವ ಸೋಡಿಯಂ ಅಜೈಡ್ ಆಸಿಡ್ ನೀರಿಗೆ ಸೇರಿದರೆ ಹೈಡ್ರಜೋಯಿಕ್ ಆಸಿಡ್ ಎಂಬ ವಿಷದ ಆವಿ. ಡಿಸಿಎಂಗೆ, ಅಂದರೆ ಮೆಥಿಲೀನ್ ಕ್ಲೋರೈಡಿಗೆ, ಸೇರಿದರೆ ಸಿಡಿಯುವ ವಸ್ತು. ಸಯನೈಡ್ ನೀರು ಆಸಿಡ್‌ಗೆ ಸೇರಿದರೆ ಏನೆಂದು ಹೇಳಬೇಕಿಲ್ಲ. ಇವನ್ನು ಬ್ಲಾಕಿನಲ್ಲೇ, ಬೇರೆ ರಿಯಾಕ್ಟರಿನಲ್ಲಿ ಮುರಿದು, ಲ್ಯಾಬ್ ‘ಇಲ್ಲ’ ಎಂದು ಬರೆದುಕೊಟ್ಟ ಮೇಲಷ್ಟೇ ಹೊರಗೆ. 2018ರಲ್ಲಿ ವಾಲ್ಸಾರ್ಟನ್ ಮಾತ್ರೆಗಳನ್ನು ಜಗತ್ತಿನ ಹಲವು ದೇಶಗಳಲ್ಲಿ ವಾಪಸ್ ಪಡೆಯಬೇಕಾಗಿ ಬಂದದ್ದಕ್ಕೂ ಇಂಥ ಒಂದು ಬೆರಕೆಯೇ ಮೂಲ. ಉಳಿದ ಅಜೈಡನ್ನು ನೈಟ್ರೈಟ್ ಹಾಕಿ ಮುರಿಯುವಾಗ ಅಲ್ಲೇ ಡಿಎಂಎಫ್ ಎಂಬ ಸಾಲ್ವೆಂಟ್ ಇತ್ತು. ಅದರಿಂದ ಬಂದ ಅಮೀನು ನೈಟ್ರೈಟಿನೊಂದಿಗೆ ಸೇರಿ ಎನ್‌ಡಿಎಂಎ ಎಂಬ, ಕ್ಯಾನ್ಸರ್ ತರಬಹುದಾದ ವಸ್ತು ಆಯಿತು. ಗುಣಮಟ್ಟದ ಸಮಸ್ಯೆ, ಪರಿಸರದ ಸಮಸ್ಯೆ ಅಂತ ನಾವು ಎರಡು ಡಿಪಾರ್ಟ್‌ಮೆಂಟ್ ಮಾಡಿಕೊಂಡಿದ್ದೇವೆ. ರಸಾಯನಕ್ಕೆ ಅದು ಗೊತ್ತಿಲ್ಲ.

ಏರೇಷನ್ ತೊಟ್ಟಿಯ ಕಲ್ಚರ್

ಕಲ್ಚರ್ ಎಂದರೆ ಈ ತೊಟ್ಟಿಯಲ್ಲಿ ಕೊಳೆ ತಿನ್ನುವ ಬ್ಯಾಕ್ಟೀರಿಯಾ. ಆನ್‌ಲೈನ್ ಮೀಟರ್ ಎಷ್ಟೇ ಇರಲಿ, ಬೆಳಗ್ಗೆ ಪಾಳಿ ಶುರುವಾದ ಕೂಡಲೇ ಒಂದು ಕೆಲಸ ಕೈಯಿಂದಲೇ ಆಗಬೇಕು. ಒಂದು ಲೀಟರಿನ ಅಳತೆ ಸಿಲಿಂಡರಿಗೆ ಏರೇಷನ್ ತೊಟ್ಟಿಯ ನೀರು ತುಂಬಿ, ಬಿಸಿಲು ಬೀಳದ, ಅದುರದ ಕಟ್ಟೆಯ ಮೇಲಿಟ್ಟು 30 ನಿಮಿಷ ಮುಟ್ಟಬೇಡಿ. ಆಮೇಲೆ ಕೆಳಗೆ ಕೂತ ಕೆಸರು ಎಷ್ಟು ಮಿಲಿಲೀಟರ್ ಎಂದು ಓದಿ. 300 ಮಿ.ಲೀ. ಕೂತಿದ್ದು, ಎಂಎಲ್‌ಎಸ್‌ಎಸ್ (ಒಂದು ಲೀಟರಿನಲ್ಲಿ ತೇಲುವ ಕೆಸರಿನ ಒಣ ತೂಕ, ಮಿಲಿಗ್ರಾಂನಲ್ಲಿ) 3,500 ಇದ್ದರೆ, 300ನ್ನು 1,000ದಿಂದ ಗುಣಿಸಿ 3,500ರಿಂದ ಭಾಗಿಸಿ: 86 ಬರುತ್ತದೆ. 80ರಿಂದ 150ರೊಳಗೆ ಇದ್ದರೆ ಕೆಸರು ಚೆನ್ನಾಗಿ ಕೂರುತ್ತಿದೆ. 200 ದಾಟಿದರೆ ಅದು ಉಬ್ಬಿಕೊಂಡಿದೆ, ಕ್ಲಾರಿಫೈಯರ್ (ಕೆಸರು ಕೂರಿಸುವ ತೊಟ್ಟಿ) ಮೇಲೆ ಹರಿದುಹೋಗುತ್ತದೆ.

ಅಂಕಿಗಿಂತ ಮುಂಚೆ ಕಣ್ಣು ಹೇಳುತ್ತದೆ. ಕಂದು ಬಣ್ಣದ, ದಪ್ಪ ಹೂಬಿಟ್ಟಂಥ ಕೆಸರು, ಮೇಲೆ ತಿಳಿ ನೀರು: ಸರಿ. ಮೇಲಿನ ನೀರು ಮಬ್ಬಾಗಿ ಸೂಜಿಮೊನೆಯಷ್ಟು ಚೂರುಗಳು ತೇಲುತ್ತಿದ್ದರೆ ವಿಷವೋ ಉಪ್ಪೋ ಹೊಡೆದಿದೆ. ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಸಾಲುತ್ತಿಲ್ಲ, ಬ್ಲೋವರ್ ಮತ್ತು ಡಿಫ್ಯೂಸರ್ ನೋಡಿ, ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಇರಬೇಕು. ಚೆನ್ನಾಗಿ ಕೂತ ಕೆಸರು ಒಂದೆರಡು ಗಂಟೆಯ ಮೇಲೆ ಹೆಪ್ಪು ಹೆಪ್ಪಾಗಿ ಮೇಲೇಳುತ್ತಿದ್ದರೆ ಅದು ನೈಟ್ರೇಟಿನಿಂದ ಹುಟ್ಟಿದ ನೈಟ್ರೋಜನ್ ಗುಳ್ಳೆ. ಗಾಬರಿ ಬೇಡ, ಕ್ಲಾರಿಫೈಯರಿನಿಂದ ಕೆಸರನ್ನು ಬೇಗ ಬೇಗ ವಾಪಸ್ ಎಳೆಯಿರಿ.

ಊಟದ ಲೆಕ್ಕವೂ ಬೇಕು. ಬಿಒಡಿ (ಬ್ಯಾಕ್ಟೀರಿಯಾ ತಿನ್ನಬಲ್ಲ ಕೊಳೆಯ ಅಳತೆ), ಸಾರಜನಕ, ರಂಜಕ 100:5:1ರ ಪ್ರಮಾಣದಲ್ಲಿರಬೇಕು. 100 ಕಿಲೋಲೀಟರ್ ನೀರು, ಬಿಒಡಿ 1,000 ಎಂದರೆ ದಿನಕ್ಕೆ 100 ಕೆಜಿ ಬಿಒಡಿ, ಅದಕ್ಕೆ 5 ಕೆಜಿ ಸಾರಜನಕ, 1 ಕೆಜಿ ರಂಜಕ. 5 ಕೆಜಿ ಡಿಎಪಿ ಹಾಕಿದರೆ ರಂಜಕ ಪೂರ್ತಿ ಸಿಕ್ಕಿ ಸುಮಾರು 0.9 ಕೆಜಿ ಸಾರಜನಕವೂ ಬರುತ್ತದೆ, ಉಳಿದದ್ದಕ್ಕೆ 9 ಕೆಜಿ ಯೂರಿಯಾ ಸಾಕು. ನೀರಿನಲ್ಲಿ ಅಮೋನಿಯಾ ಆಗಲೇ ಇದ್ದರೆ ಯೂರಿಯಾ ಬೇಡವೇ ಬೇಡ. ಮೂಟೆಗಟ್ಟಲೆ ಸುರಿಯುವುದು ದುಡ್ಡಿನ ನಷ್ಟ, ಮೇಲೆ ನೈಟ್ರೇಟಿನ ತಲೆನೋವು.

ಕಲ್ಚರ್ ಸತ್ತರೆ ಬೆಲ್ಲ, ಸಗಣಿ ಹಾಕುವ ರೂಢಿ ಎಲ್ಲ ಕಡೆ ಇದೆ. ಬೆಲ್ಲ ಸರಿ, ಅದು ಸುಲಭದ ಊಟ. ಸಗಣಿಯಿಂದ ಹೆಚ್ಚು ಲಾಭವಿಲ್ಲ. ಹಸುವಿನ ಹೊಟ್ಟೆಯ ಬ್ಯಾಕ್ಟೀರಿಯಾ ಬಹುಪಾಲು ಗಾಳಿಯಿಲ್ಲದೆ ಬದುಕುವಂಥವು, ನಾರು ಬೇರೆ ಡಿಫ್ಯೂಸರಿಗೆ ಸುತ್ತಿಕೊಳ್ಳುತ್ತದೆ. ಅದರ ಬದಲು ಚೆನ್ನಾಗಿ ನಡೆಯುತ್ತಿರುವ ಎಸ್‌ಟಿಪಿಯಿಂದ (ಚರಂಡಿ ನೀರಿನ ಶುದ್ಧೀಕರಣ ಘಟಕದಿಂದ) ಒಂದು ಟ್ಯಾಂಕರ್ ಕೆಸರು ತನ್ನಿ. ಹೊಸ ನೀರು ನಿಲ್ಲಿಸಿ, ಗಾಳಿ ನಿಲ್ಲಿಸದೆ, ಮಾಮೂಲಿನ ಕಾಲು ಭಾಗದಷ್ಟು ನೀರಿನಿಂದ ಶುರು ಮಾಡಿ, ಸಿಲಿಂಡರಿನ ಮೇಲಿನ ನೀರು ತಿಳಿಯಾಗುತ್ತ ಬಂದಂತೆ ಏರಿಸಿ. ಆ್ಯಂಟಿಬಯೋಟಿಕ್ ತಯಾರಿಸುವ ಘಟಕವಾದರೆ ಔಷಧದ ಅಂಶವಿರುವ ಮೊದಲ ತೊಳೆತ ಈ ತೊಟ್ಟಿಗೆ ಬರಲೇಬಾರದು. ಕಲ್ಚರ್ ಸಾಯುತ್ತದೆ ಎಂಬುದು ಸಣ್ಣ ಮಾತು, ಸಾಯದೆ ಉಳಿದದ್ದು ಔಷಧಕ್ಕೆ ಬಗ್ಗದ ತಳಿಯಾಗುತ್ತದೆ ಎಂಬುದು ದೊಡ್ಡದು.

ಗುಂಡಿಗೆ ಇಳಿಯುವ ಮುನ್ನ

ಇಟಿಪಿಯ ಸಾವುಗಳು ಆಗುವುದು ಹೆಚ್ಚಾಗಿ ಕೆಸರು ತೆಗೆಯಲು ಗುಂಡಿಗೆ ಇಳಿದಾಗ. ಮೊದಲನೆಯವನು ಕುಸಿಯುತ್ತಾನೆ, ಎತ್ತಲು ಹೋದ ಎರಡನೆಯವನು, ಅವನ ಹಿಂದೆ ಮೂರನೆಯವನು. ಕೆಸರನ್ನು ಕೆದಕುವವರೆಗೂ ಹೈಡ್ರೋಜನ್ ಸಲ್ಫೈಡ್ ಅದರೊಳಗೇ ಕೂತಿರುತ್ತದೆ, ಕೆದಕಿದ ಕ್ಷಣ ಬಿಡುಗಡೆ. 100 ಪಿಪಿಎಂ ಆಸುಪಾಸಿನಲ್ಲಿ ಮೂಗು ಸತ್ತುಹೋಗುತ್ತದೆ. ‘ಈಗ ವಾಸನೆ ಕಡಿಮೆಯಾಯ್ತು’ ಎಂದು ಒಳಗಿನವನು ಹೇಳಿದರೆ ತಕ್ಷಣ ಮೇಲೆ ಕರೆಯಿರಿ.

ಹಿಂದಿನ ದಿನವೇ ತೊಟ್ಟಿಯನ್ನು ಪಂಪಿನಿಂದ ಆದಷ್ಟು ಖಾಲಿ ಮಾಡಿ, ನೀರು ಹಾಯಿಸಿ ಕೆಸರನ್ನು ಕದಡಿ ಎರಡು ಬಾರಿ ಎಳೆಯಿರಿ. ಒಳಬರುವ ಪ್ರತಿ ಪೈಪಿಗೂ ಬ್ಲೈಂಡ್ ಪ್ಲೇಟ್ (ಪೈಪನ್ನು ಪೂರ್ತಿ ಮುಚ್ಚುವ ತಟ್ಟೆ) ಹಾಕಿ, ವಾಲ್ವ್ ಮುಚ್ಚಿದ್ದೇವೆ ಎಂಬುದು ಲೆಕ್ಕಕ್ಕಿಲ್ಲ. ಪಂಪು, ಮಿಕ್ಸರಿನ ಫ್ಯೂಸ್ ತೆಗೆದು ಬೀಗ ಹಾಕಿ, ಕೀ ಇಳಿಯುವವನ ಜೇಬಿನಲ್ಲಿರಲಿ. ಬ್ಲೋವರ್ ಕೊಳವೆ ತಳದಿಂದ ಒಂದೂವರೆ ಅಡಿ ಮೇಲಿನವರೆಗೆ ಇಳಿಯಲಿ. ಗುಂಡಿಯ ಬಾಯಿಯಲ್ಲೇ ಊದಿದರೆ ಮೇಲಿನ ಗಾಳಿ ಮಾತ್ರ ಸುತ್ತುತ್ತದೆ. 4 ಮೀಟರ್ ಉದ್ದ, ಅಗಲ, ಆಳದ ತೊಟ್ಟಿ ಎಂದರೆ 64 ಘನ ಮೀಟರ್. ಗಂಟೆಗೆ 1,000 ಘನ ಮೀಟರಿನ ಬ್ಲೋವರ್ ಅರ್ಧ ಗಂಟೆಯಲ್ಲಿ ಆ ಗಾಳಿಯನ್ನು ಏಳೆಂಟು ಬಾರಿ ಬದಲಿಸುತ್ತದೆ. ಬ್ಲೋವರಿನ ಬಾಯಿ ಡೀಸೆಲ್ ಜನರೇಟರ್ ಹೊಗೆಯ ಕಡೆ ತಿರುಗಿಲ್ಲ ತಾನೇ, ನೋಡಿ.

ಆಮೇಲೆ ಗ್ಯಾಸ್ ಮೀಟರ್. ಹಗ್ಗಕ್ಕೆ ಕಟ್ಟಿ ಮೇಲೆ, ನಡುವೆ, ತಳದಲ್ಲಿ, ಮೂರೂ ಕಡೆ ಒಂದೆರಡು ನಿಮಿಷ ನಿಲ್ಲಿಸಿ ಓದಿ. ಮೊದಲು ಆಮ್ಲಜನಕ, ಅದು 19.5ರಿಂದ 23.5 ಶೇಕಡಾ. ನಂತರ ಹತ್ತಿಕೊಳ್ಳುವ ಆವಿ, ಹತ್ತಿಕೊಳ್ಳಲು ಬೇಕಾದ ಕೆಳಮಿತಿಯ ಶೇ 10ಕ್ಕಿಂತ ಕಡಿಮೆ. ಆಮೇಲೆ ವಿಷಾನಿಲ, ಹೈಡ್ರೋಜನ್ ಸಲ್ಫೈಡ್ 10 ಪಿಪಿಎಂಗೆ ಮುಟ್ಟಿದರೂ ಇಳಿಯಬಾರದು. ಒಳಗೆ ಬಳಸುವ ದೀಪ 24 ವೋಲ್ಟಿನದು. ಇಳಿಯುವವನಿಗೆ ಪೂರ್ತಿ ಮೈಬೆಲ್ಟು, ಅದರ ಹಗ್ಗ ಮೇಲಿನ ಟ್ರೈಪಾಡಿನ ವಿಂಚಿಗೆ. ಬರೀ ಬಟ್ಟೆ ಮಾಸ್ಕೋ ಕ್ಯಾನಿಸ್ಟರ್ ಮಾಸ್ಕೋ ಆಮ್ಲಜನಕ ಕಡಿಮೆ ಇದ್ದಲ್ಲಿ ಏನೂ ಮಾಡದು. ಗುಂಡಿಯ ಬಾಯಿಯಲ್ಲಿ ನಿಂತವನಿಗೆ ಬೇರೆ ಕೆಲಸ ಹೇಳಬೇಡಿ, ಟೀ ತರಲೂ ಕಳಿಸಬೇಡಿ. ಒಳಗಿನವನು ಮಾತಾಡಲಿಲ್ಲವೆಂದರೆ ಅವನು ಮಾಡಬೇಕಾದದ್ದು ಎರಡೇ: ಕೂಗು, ವಿಂಚ್ ತಿರುಗಿಸು. ಇಳಿಯುವುದು ಅವನ ಕೆಲಸವಲ್ಲ.

ಕ್ಯಾಂಟೀನಿನ ಸೆಪ್ಟಿಕ್ ಟ್ಯಾಂಕಿಗಾದರೆ ಈ ಯಾವ ತಯಾರಿಯೂ ಬೇಡ, ಏಕೆಂದರೆ ಅದಕ್ಕೆ ಮನುಷ್ಯರನ್ನು ಇಳಿಸಲೇಬಾರದು. ಕೈಯಿಂದ ಮಲ ಬಾಚಿಸುವುದನ್ನು ತಡೆಯುವ 2013ರ ಕಾಯ್ದೆ ಸೆಪ್ಟಿಕ್ ಟ್ಯಾಂಕನ್ನು ಅಪಾಯಕಾರಿಯಾಗಿ ಕೈಯಿಂದ ಸ್ವಚ್ಛ ಮಾಡಿಸುವುದನ್ನು ನಿಷೇಧಿಸಿದೆ. ಸಕ್ಕಿಂಗ್ ಲಾರಿ ಕರೆಸಿ.

ಖಾಲಿ ಡ್ರಮ್ಮು

ನಲ್ಲಿಯಲ್ಲಿ ನೀರು ಎರಡು ಮೂರು ದಿನಕ್ಕೊಮ್ಮೆ ಬರುವ ಸೀಮೆಯಲ್ಲಿ 200 ಲೀಟರಿನ ನೀಲಿ ಡ್ರಮ್ಮಿಗೆ ಇರುವ ಬೆಲೆ ಕಾರ್ಖಾನೆಯವರಿಗೆ ತಿಳಿಯುವುದಿಲ್ಲ. ಮನೆ ಮುಂದೆ, ದನದ ಕೊಟ್ಟಿಗೆಯಲ್ಲಿ, ಮದುವೆ ಮನೆಯ ಅಡುಗೆ ಜಾಗದಲ್ಲಿ ಅದು ಬೇಕು. ಆದ್ದರಿಂದಲೇ ಗೇಟಿನಲ್ಲಿ ‘ಒಂದೆರಡು ಕೊಡಿ ಸಾರ್’ ಎಂಬ ಕೋರಿಕೆ, ಗುಜರಿಯವನಿಗೆ ಮಾರುವ ಚಾಳಿ. ರಸಾಯನವಿದ್ದ ಡ್ರಮ್ಮು 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪಟ್ಟಿಯಲ್ಲಿ ತ್ಯಾಜ್ಯವೇ. ಪ್ಲಾಸ್ಟಿಕ್ಕು ಸಾಲ್ವೆಂಟನ್ನು ಗೋಡೆಯೊಳಗೆ ಹೀರಿಕೊಂಡಿರುತ್ತದೆ. ಎಷ್ಟು ತೊಳೆದರೂ ತಿಂಗಳುಗಟ್ಟಲೆ ನೀರಿಗೆ ಬಿಡುತ್ತಲೇ ಇರುತ್ತದೆ.

ಕ್ರಮ ಹೀಗೆ. ಡ್ರಮ್ಮನ್ನು ಪೂರ್ತಿ ಬಗ್ಗಿಸಿ ಕೊನೆಯ ಹನಿಯೂ ಇಳಿಯಲು ಬಿಡಿ. ಒಳಗಿದ್ದದ್ದು ನೀರಿನೊಂದಿಗೆ ಕೆರಳುವ ವಸ್ತುವಲ್ಲ ಎಂದು ಡೇಟಾ ಶೀಟ್ ನೋಡಿ ಖಾತ್ರಿ ಮಾಡಿಕೊಳ್ಳಿ. ಥಯೋನಿಲ್ ಕ್ಲೋರೈಡ್, ಸೋಡಿಯಂ ಹೈಡ್ರೈಡ್‌ನಂಥವಕ್ಕೆ ಬೇರೆ ವಿಧಾನ. ಉಳಿದವಕ್ಕೆ ಪ್ರತಿ ಸಲ 20 ಲೀಟರಿನಂತೆ ಮೂರು ಸಲ ನೀರು ಹಾಕಿ, ಮುಚ್ಚಿ, ಉರುಳಿಸಿ, ಖಾಲಿ ಮಾಡಿ. ಮೊದಲ ತೊಳೆತ ಹೆಚ್ಚು ಉಪ್ಪಿನ ತೊಟ್ಟಿಗೇ. ಲೇಬಲ್ ಕೆರೆದು ತೆಗೆಯಿರಿ. ನಂತರ ತಳದಲ್ಲಿ ಎರಡು, ಪಕ್ಕದಲ್ಲಿ ಎರಡು ತೂತು. ತೂತು ಬಿದ್ದ ಡ್ರಮ್ಮನ್ನು ಯಾರೂ ಕೇಳುವುದಿಲ್ಲ. ಅಧಿಕೃತ ರೀಸೈಕ್ಲರಿಗೆ ಮ್ಯಾನಿಫೆಸ್ಟ್ (ಸಾಗಣೆ ಚೀಟಿ) ಬರೆದು ಎಣಿಸಿ ಕೊಡಿ. ಬಂದ ಡ್ರಮ್ಮು, ಹೋದ ಡ್ರಮ್ಮು ತಿಂಗಳ ಕೊನೆಗೆ ತಾಳೆಯಾಗಬೇಕು.

ಕಬ್ಬಿಣದ ಡ್ರಮ್ಮನ್ನು ತೊಳೆಯುವ ಮುನ್ನ ಗ್ಯಾಸ್ ಕಟರ್ ಅಥವಾ ಗ್ರೈಂಡರ್ ಮುಟ್ಟಿಸುವುದು ಬಾಂಬಿಗೆ ಬತ್ತಿ ಹಚ್ಚಿದಂತೆ. ಟಾಲ್ವೀನ್ ಆವಿ ಗಾಳಿಯಲ್ಲಿ ಶೇ 1.2 ಇದ್ದರೆ ಹತ್ತಿಕೊಳ್ಳುತ್ತದೆ. 200 ಲೀಟರ್ ಡ್ರಮ್ಮಿನಲ್ಲಿ ಅಷ್ಟು ಆವಿಗೆ ಬೇಕಾದ ದ್ರವ 10 ಮಿ.ಲೀ. ಎರಡು ಚಮಚ. ‘ಖಾಲಿ’ ಎಂದು ಬದಿಗಿಟ್ಟ ಡ್ರಮ್ಮಿನ ಅಂಚಿನಲ್ಲೇ ಅದಕ್ಕಿಂತ ಹೆಚ್ಚು ಉಳಿದಿರುತ್ತದೆ.

ಊರಿಗೆ ಡ್ರಮ್ಮು ಕೊಡಲೇಬೇಕೆಂದಿದ್ದರೆ ಆಹಾರ ದರ್ಜೆಯ ಹೊಸ ಡ್ರಮ್ಮು ಕೊಂಡು ಪಂಚಾಯಿತಿ ಮೂಲಕ ಹಂಚಿ. ಸಿಎಸ್‌ಆರ್ ಹೆಸರಿನಲ್ಲಿ ಬಸ್‌ಸ್ಟಾಪಿಗೆ ಕಮಾನು ಕಟ್ಟಿಸುವುದಕ್ಕಿಂತ ಇದು ಮೇಲು.

ಉಳಿದ ಅಪಾಯಕಾರಿ ತ್ಯಾಜ್ಯವನ್ನು, ಅಂದರೆ ಎಟಿಎಫ್‌ಡಿ ಉಪ್ಪು, ಇಟಿಪಿ ಕೆಸರು, ಬಳಸಿದ ಕಾರ್ಬನ್ನನ್ನು, 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಉಪ್ಪು ಒಣಗಿರಬೇಕು. ಒದ್ದೆ ಉಪ್ಪಿನ ಚೀಲ ಮಳೆಗಾಲದಲ್ಲಿ ತಾನೇ ನೀರು ಎಳೆದು ಸೋರುತ್ತದೆ. ಆಸಿಡ್, ಕಾಸ್ಟಿಕ್ ಸೋಡಾ, ಆಕ್ಸಿಡೈಸರ್, ಸಾಲ್ವೆಂಟ್ ನಾಲ್ಕಕ್ಕೂ ಬೇರೆ ಕಟ್ಟೆ, ಬೇರೆ ಸೋರುಗುಂಡಿ. ಒಂದೇ ಶೆಡ್ಡಿನೊಳಗೆ ಹಳದಿ ಗೆರೆ ಎಳೆದು ‘ಬೇರೆ’ ಎನ್ನುವುದು ಆಡಿಟ್ ದಿನದ ನಾಟಕ.

ವಾಸನೆ

ಊರಿನವರ ದೂರು ಮೊದಲು ಬರುವುದು ವಾಸನೆಯ ಬಗ್ಗೆ, ಅದೂ ಸಂಜೆ ಏಳರ ಮೇಲೆ. ಹಗಲು ನೆಲ ಕಾದು ಗಾಳಿ ಮೇಲೇರುತ್ತದೆ. ಚಳಿಗಾಲದ ರಾತ್ರಿ ತಂಪು ಗಾಳಿ ನೆಲಕ್ಕಂಟಿ ನಿಲ್ಲುತ್ತದೆ, ಅಷ್ಟೇ ಆವಿ ಆಗ ಹತ್ತು ಪಟ್ಟು ಮೂಗಿಗೆ ಬಡಿದಂತಾಗುತ್ತದೆ. ಆಷಾಢದಲ್ಲಿ ಗಾಳಿ ಪಡುವಣದಿಂದ, ಕಾರ್ತೀಕ ಕಳೆದ ಮೇಲೆ ಮೂಡಣದಿಂದ. ಹಾಗಾಗಿ ಮಳೆಗಾಲದಲ್ಲಿ ಪೂರ್ವದ ಊರು, ಚಳಿಗಾಲದಲ್ಲಿ ಪಶ್ಚಿಮದ ಊರು ದೂರುತ್ತದೆ. ದೂರು ಬಂದಾಗ ಗಾಳಿಚೀಲ ಎತ್ತ ತೋರಿಸುತ್ತಿತ್ತು, ಯಾವ ಬ್ಲಾಕಿನಲ್ಲಿ ಯಾವ ಹಂತ ನಡೆಯುತ್ತಿತ್ತು ಎಂದು ಅದೇ ಗಂಟೆಯಲ್ಲಿ ಬರೆದಿಟ್ಟರೆ ಹತ್ತು ದೂರಿನೊಳಗೆ ಮೂಲ ಸಿಗುತ್ತದೆ.

ಮೂಲ ಸಾಮಾನ್ಯವಾಗಿ ಚಿಮಣಿಯಲ್ಲಿರುವುದಿಲ್ಲ. ಮುಚ್ಚಳವಿಲ್ಲದ ಈಕ್ವಲೈಸೇಷನ್ ತೊಟ್ಟಿ (ಬಂದ ನೀರನ್ನು ಕೂಡಿಸಿ ಸಮ ಮಾಡುವ ತೊಟ್ಟಿ), ಎಟಿಎಫ್‌ಡಿಯ ವೆಂಟ್, ಚಿಲ್ಲರ್ ಕೈಕೊಟ್ಟಾಗಿನ ವೆಂಟ್ ಕಂಡೆನ್ಸರ್, ಹಾಗೂ ಸತ್ತ ಸ್ಕ್ರಬ್ಬರ್, ಇವೇ ನಾಲ್ಕು. ಸತ್ತ ಸ್ಕ್ರಬ್ಬರ್ ಎಂದರೆ ಪಂಪು ತಿರುಗುತ್ತಿದೆ, ಕಾಸ್ಟಿಕ್ ಮುಗಿದಿದೆ. 100 ಕೆಜಿ ಥಯೋನಿಲ್ ಕ್ಲೋರೈಡ್ ಬಳಸುವ ಬ್ಯಾಚಿನ ಆವಿ ಹಿಡಿಯಲು ಸುಮಾರು 100 ಕೆಜಿ ಕಾಸ್ಟಿಕ್ ಬೇಕು. ಉಳಿದ ಥಯೋನಿಲ್ಲನ್ನು ನೀರಿಗೆ ಹಾಕಿ ಮುರಿಯುವುದಾದರೆ ಆ ಭಾಗಕ್ಕೆ ಕೆಜಿಗೆ 1.35 ಕೆಜಿಯಂತೆ. 1,000 ಲೀಟರ್ ತೊಟ್ಟಿಯ ಶೇ 10ರ ದ್ರಾವಣದಲ್ಲಿ ಇರುವುದೇ 110 ಕೆಜಿ. ಅಂದರೆ ಒಂದು ಬ್ಯಾಚಿಗೆ ಒಂದು ತೊಟ್ಟಿ. ‘ವಾರಕ್ಕೊಮ್ಮೆ ಬದಲಿಸುತ್ತೇವೆ’ ಎಂಬ ಲಾಗ್‌ಬುಕ್ಕಿಗೆ ಅರ್ಥವಿಲ್ಲ, ಬ್ಯಾಚ್ ನೋಡಿ ಬದಲಿಸಿ.

ಗಂಧಕದ ನಾತಕ್ಕೆ ಹೈಪೋ (ಸೋಡಿಯಂ ಹೈಪೋಕ್ಲೋರೈಟ್), ಅಮೋನಿಯಾ ಮತ್ತು ಅಮೀನಿಗೆ ತೆಳು ಸಲ್ಫ್ಯೂರಿಕ್ ಆಸಿಡ್, ಆಸಿಡ್ ಆವಿಗೆ ಕಾಸ್ಟಿಕ್. ಮೂರನ್ನೂ ಒಂದೇ ಹೆಡರಿಗೆ ಕೊಟ್ಟು ಒಂದೇ ಸ್ಕ್ರಬ್ಬರಿಗೆ ತರಬೇಡಿ. ಹೈಪೋ ತೊಟ್ಟಿಗೆ ಆಸಿಡ್ ಆವಿ ಬಂದರೆ ಕ್ಲೋರಿನ್, ಅಮೋನಿಯಾ ಬಂದರೆ ಕ್ಲೋರಮೈನ್ ಹೊರಡುತ್ತದೆ. ಹೈಪೋದ ಪಿಎಚ್ 9ಕ್ಕಿಂತ ಕೆಳಗಿಳಿಯಬಾರದು.

ಶಿಡ್ಲಘಟ್ಟ, ಚಿಂತಾಮಣಿ, ಮಾಲೂರು ಕಡೆ ಇನ್ನೊಂದು ಎಚ್ಚರ. ರೇಷ್ಮೆಹುಳು ಬಲು ಸೂಕ್ಷ್ಮ. ಅಕ್ಕಪಕ್ಕದಲ್ಲಿ ಯಾರ ಮನೆಯಲ್ಲಿ ಹುಳು ಸಾಕುತ್ತಾರೆ, ಹಿಪ್ಪುನೇರಳೆ ತೋಟ ಎಲ್ಲಿದೆ ಎಂಬ ನಕ್ಷೆ ಸೇಫ್ಟಿ ಆಫೀಸಿನ ಗೋಡೆಯ ಮೇಲಿರಲಿ. ಹುಳು ಹಣ್ಣಾಗಿ ಗೂಡು ಕಟ್ಟುವ ವಾರದಲ್ಲಿ ಗಾಳಿ ಅತ್ತ ಬೀಸುತ್ತಿದ್ದರೆ ನಾತದ ಬ್ಯಾಚನ್ನು ಹಗಲಿಗೆ ಹಾಕಿಕೊಳ್ಳಿ.

ಮಳೆ

ಒಂದು ಎಕರೆ ಅಂಗಳದ ಮೇಲೆ 10 ಮಿ.ಮೀ. ಮಳೆ ಬಿದ್ದರೆ 40 ಕಿಲೋಲೀಟರ್ ನೀರು. ಆ ಮೊದಲ ನೀರಿನಲ್ಲಿ ಡ್ರಮ್ ಯಾರ್ಡಿನ ಧೂಳು, ಬಿದ್ದ ಉಪ್ಪು, ಲಾರಿಯ ಎಣ್ಣೆ ಎಲ್ಲ ಇರುತ್ತದೆ. ಇಷ್ಟು ಹಿಡಿಯುವ ಗುಂಡಿ ಕಟ್ಟಿ, ಮಳೆಚರಂಡಿಯ ಕೊನೆಯ ಗೇಟನ್ನು ಸದಾ ಮುಚ್ಚಿಡಿ. ಗುಂಡಿ ತುಂಬಿ, ಪಿಎಚ್, ಟಿಡಿಎಸ್ ನೋಡಿ ಸರಿಯಿದ್ದರೆ ಮಾತ್ರ ಗೇಟು ತೆಗೆಯುವುದು. ಸೆಪ್ಟೆಂಬರ್, ಅಕ್ಟೋಬರಿನ ರಾತ್ರಿ ಮಳೆಗೆ ಈ ಗೇಟಿನ ಹೊಣೆ ಯಾರದು ಎಂದು ಹೆಸರು ಬರೆದಿಡಿ. ಬೆಂಕಿ ಆರಿಸಿದ ನೀರಿಗೂ ಇದೇ ಗೇಟು ಬೇಕು. ಗಂಟೆಗೆ 171 ಘನ ಮೀಟರಿನ ಹೈಡ್ರಂಟ್ ಪಂಪು ಎರಡು ಗಂಟೆ ಓಡಿದರೆ 342 ಕಿಲೋಲೀಟರ್ ಸಾಲ್ವೆಂಟ್ ಮಿಶ್ರಿತ ನೀರು ಅಂಗಳದಲ್ಲಿರುತ್ತದೆ. ಅದು ರಾಜಕಾಲುವೆಗೆ ಹೋದರೆ ಬೆಳಗ್ಗೆ ಕೆರೆಯ ಮೀನು ತೇಲುತ್ತವೆ.

ಬೋರ್‌ವೆಲ್

ನಮ್ಮ ಕೆಳಗಿರುವುದು ಗ್ರಾನೈಟ್, ನೈಸ್ ಬಂಡೆ. ನೀರು ಬಿರುಕಿನಲ್ಲಿ ಓಡುತ್ತದೆ, ಎತ್ತ ಓಡುತ್ತದೆಂದು ಮೇಲೆ ನಿಂತು ಹೇಳಲಾಗದು. ಕಾಂಪೌಂಡಿನೊಳಗೆ ಬತ್ತಿದ ಬೋರ್‌ವೆಲ್ ಇದ್ದರೆ ಅದು ಆಳದವರೆಗೆ ನೇರ ಕೊಳವೆ. ಜೇಡಿ ತುಂಬಿಸಿ, ಮೇಲಿನ ಭಾಗಕ್ಕೆ ಸಿಮೆಂಟು ಹಾಕಿ ಮುಚ್ಚಿ. ಇನ್‌ಸ್ಪೆಕ್ಷನ್‌ಗೆ ಬಂದವರಿಗೆ ತೆರೆದ ಹಳೇ ಬೋರ್‌ವೆಲ್ ಕಂಡರೆ ಬರುವ ಅನುಮಾನ ಒಂದೇ, ಅದು ನ್ಯಾಯವಾದದ್ದೇ.

ಈ ಸೀಮೆಯ ಅಂತರ್ಜಲದಲ್ಲಿ ಫ್ಲೋರೈಡ್, ನೈಟ್ರೇಟ್ ಮೊದಲೇ ಇವೆ. ಕುಡಿಯುವ ನೀರಿಗೆ ಫ್ಲೋರೈಡಿನ ಗರಿಷ್ಠ ಮಿತಿ ಲೀಟರಿಗೆ 1.5 ಮಿಲಿಗ್ರಾಂ, ನೈಟ್ರೇಟಿನದು 45. ಘಟಕ ಶುರುವಾಗುವ ಮುನ್ನದ ಅಂಕಿ ಇಲ್ಲದಿದ್ದರೆ ಯಾವುದು ಬಂಡೆಯದು, ಯಾವುದು ಗೊಬ್ಬರದ್ದು, ಯಾವುದು ನಿಮ್ಮದು ಎಂದು ಯಾರೂ ಬಿಡಿಸಲಾರರು. ವರ್ಷಕ್ಕೆ ಎರಡು ಬಾರಿ, ಮೇ ಮತ್ತು ಡಿಸೆಂಬರಿನಲ್ಲಿ, ಘಟಕದ ನಾಲ್ಕು ದಿಕ್ಕಿನ ಬೋರ್‌ವೆಲ್‌ಗಳ ನೀರು ತೆಗೆಸಿ. ಪಂಪು ಹತ್ತು ಹದಿನೈದು ನಿಮಿಷ ಓಡಿದ ಮೇಲೆ ಹಿಡಿಯಬೇಕು. ಸಾಲ್ವೆಂಟ್ ಪರೀಕ್ಷೆಗೆ 40 ಮಿ.ಲೀ. ಗಾಜಿನ ಸೀಸೆ, ಗುಳ್ಳೆ ಇಲ್ಲದಂತೆ ಕಂಠದವರೆಗೆ ತುಂಬಿ, ಐಸಿನಲ್ಲಿಟ್ಟು ಅದೇ ದಿನ ಎನ್‌ಎಬಿಎಲ್ ಮಾನ್ಯತೆ ಪಡೆದ ಲ್ಯಾಬಿಗೆ. ಫ್ಲೋರೈಡ್, ನೈಟ್ರೇಟ್ ನೋಡಿ ನಿಲ್ಲಿಸಬೇಡಿ. ಸೋಡಿಯಂ, ಕ್ಲೋರೈಡ್, ಸಿಒಡಿ (ನೀರಿನಲ್ಲಿರುವ ಒಟ್ಟು ಕೊಳೆಯ ರಾಸಾಯನಿಕ ಅಳತೆ), ಮತ್ತು ನೀವೇ ಬಳಸುವ ಸಾಲ್ವೆಂಟಿನ ಹೆಸರು ಹೇಳಿ ಪರೀಕ್ಷಿಸಿ. ಟಾಲ್ವೀನ್ ಬಂಡೆಯಿಂದ ಬರುವುದಿಲ್ಲ. ಮಾದರಿ ತೆಗೆಯುವಾಗ ಊರಿನ ನೀರುಗಂಟಿಯನ್ನು ಜೊತೆಗೆ ಕರೆಯಿರಿ. ಯಾವ ಬೋರ್‌ವೆಲ್ ರುಚಿ ಯಾವಾಗ ಬದಲಾಯಿತು ಎಂಬುದು ಅವರಿಗೆ ಲ್ಯಾಬಿಗಿಂತ ಮೊದಲು ಗೊತ್ತಿರುತ್ತದೆ. ವರದಿಯ ಪ್ರತಿ ಕನ್ನಡದಲ್ಲಿ ಪಂಚಾಯಿತಿಯ ಬೋರ್ಡಿಗೆ ಹಾಕಿ, ಅಂಕಿ ಕೆಟ್ಟದಾಗಿದ್ದಾಗಲೂ.

ಊರಿನ ಜೊತೆ

ತುರ್ತು ಯೋಜನೆಯ ಅಣಕು ಕಾರ್ಯಾಚರಣೆಯನ್ನು 1989ರ ಅಪಾಯಕಾರಿ ರಾಸಾಯನಿಕ ನಿಯಮದಡಿ ಬರುವ ಘಟಕಗಳು ಆರು ತಿಂಗಳಿಗೊಮ್ಮೆ ಮಾಡಬೇಕು. ಬೆಳಗ್ಗೆ ಹನ್ನೊಂದಕ್ಕೆ, ಎಲ್ಲರಿಗೂ ಹೇಳಿಟ್ಟು ಮಾಡುವುದು ಫೋಟೋಗೆ. ಒಂದನ್ನಾದರೂ ರಾತ್ರಿ ಪಾಳಿಯಲ್ಲಿ, ಕರೆಂಟ್ ತೆಗೆದು ಮಾಡಿ. ಊರಿಗೆ ಮಾತ್ರ ಮೊದಲೇ ತಿಳಿಸಿರಬೇಕು. ಸೇರುವ ಜಾಗ ಒಂದೇ ಸಾಲದು, ಗಾಳಿ ಎತ್ತ ಬೀಸಿದರೂ ಒಂದಾದರೂ ಉಳಿಯುವಂತೆ ಎದುರುಬದಿರು ಎರಡು ಬೇಕು.

ಆವಿ ಊರಿನ ಕಡೆ ಹೊರಟರೆ ಏನು ಹೇಳಬೇಕೆಂಬುದನ್ನು ಮೊದಲೇ ನಾಲ್ಕು ಸಾಲಲ್ಲಿ ಕನ್ನಡದಲ್ಲಿ ಬರೆದಿಡಿ, ಗಡಿಯ ಊರುಗಳಿಗೆ ತೆಲುಗಿನಲ್ಲೂ: ಕಿಟಕಿ ಬಾಗಿಲು ಮುಚ್ಚಿ, ಒಲೆ ಆರಿಸಿ, ಒದ್ದೆ ಬಟ್ಟೆ ಮೂಗಿಗೆ ಹಿಡಿಯಿರಿ, ಹೊರಗಿದ್ದರೆ ಗಾಳಿಗೆ ಅಡ್ಡವಾಗಿ ನಡೆಯಿರಿ. ಗಾಳಿ ಹೋಗುವ ಕಡೆಗೇ ಓಡಿದರೆ ಆವಿಯೊಂದಿಗೇ ಓಡಿದಂತೆ. ಇದನ್ನು ಕೂಗಲು ದೇವಸ್ಥಾನದ, ಮಸೀದಿಯ ಮೈಕು, ಪಂಚಾಯಿತಿ ಕಸದ ಗಾಡಿಯ ಮೈಕು ಸಾಕು. ಅವರ ನಂಬರುಗಳು ಸೆಕ್ಯುರಿಟಿ ಗೇಟಿನಲ್ಲಿರಲಿ, ಮ್ಯಾನೇಜರ ಫೋನಿನಲ್ಲಿ ಮಾತ್ರ ಇದ್ದರೆ ರಾತ್ರಿ ಎರಡಕ್ಕೆ ಸಿಗುವುದಿಲ್ಲ.

ದೂರಿನ ಪುಸ್ತಕ ಗೇಟಿನ ಹೊರಗಿನ ಕಿಟಕಿಯಲ್ಲಿರಲಿ. ದೂರು ಕೊಡಲು ಬಂದವರನ್ನು ವಿಸಿಟರ್ ಪಾಸ್ ಬರೆಸಿ ಕೂರಿಸಬೇಡಿ. 24 ಗಂಟೆಯೊಳಗೆ ಯಾರಾದರೂ ಅವರ ಮನೆಗೇ ಹೋಗಿ ನೋಡಿ ಬರಬೇಕು, ಹೋದವರ ಹೆಸರು ಪುಸ್ತಕದಲ್ಲಿರಬೇಕು. ‘ನಮ್ಮದಲ್ಲ, ಪಕ್ಕದ ಯೂನಿಟ್ಟಿನದು’ ಎಂಬ ಉತ್ತರ ಕೊಡುವ ಮುನ್ನ ಮೇಲೆ ಹೇಳಿದ ಗಾಳಿಚೀಲದ ಟಿಪ್ಪಣಿ ತೋರಿಸಲು ಸಿದ್ಧರಿರಿ.

ಇನ್ನು ತಾಲ್ಲೂಕು ಆಸ್ಪತ್ರೆ. ನಿಮ್ಮಲ್ಲಿರುವ ವಿಷಗಳಿಗೆ ಬೇಕಾದ ಪ್ರತಿವಿಷ ಅಲ್ಲಿ ಇರುತ್ತದೆ ಎಂದುಕೊಳ್ಳಬೇಡಿ. ಸಯನೈಡ್ ಬಳಸುವವರು ಸೋಡಿಯಂ ನೈಟ್ರೈಟ್ ಮತ್ತು ಥಯೋಸಲ್ಫೇಟ್ ಇಂಜೆಕ್ಷನ್ ಅಥವಾ ಹೈಡ್ರಾಕ್ಸೊಕೊಬಾಲಮಿನ್, ಎಚ್‌ಎಫ್ (ಹೈಡ್ರೋಫ್ಲೋರಿಕ್ ಆಸಿಡ್) ಬಳಸುವವರು ಶೇ 2.5ರ ಕ್ಯಾಲ್ಶಿಯಂ ಗ್ಲುಕೋನೇಟ್ ಜೆಲ್, ಮೆಥನಾಲ್ ಬಳಸುವವರು ಫೋಮೆಪಿಜೋಲ್ ಅಥವಾ ವೈದ್ಯರು ಹೇಳುವ ಎಥನಾಲ್, ಇವನ್ನು ತಾವೇ ಕೊಂಡು ಆಸ್ಪತ್ರೆಗೆ ಒಪ್ಪಿಸಿ ರಸೀದಿ ಪಡೆಯಬೇಕು. ರಸಾಯನಗಳ ಪಟ್ಟಿ ಕ್ಯಾಶುವಾಲ್ಟಿಯ ಗೋಡೆಗೆ ಅಂಟಿರಲಿ. ವೈದ್ಯರೂ ನರ್ಸುಗಳೂ ವರ್ಗವಾಗುತ್ತಲೇ ಇರುತ್ತಾರೆ, ಆದ್ದರಿಂದ ಆರು ತಿಂಗಳಿಗೊಮ್ಮೆ ಅಣಕು ಕಾರ್ಯಾಚರಣೆಯ ದಿನವೇ ಅಲ್ಲಿಗೂ ಹೋಗಿ, ಹೊಸಬರಿಗೆ ತೋರಿಸಿ, ಸೀಸೆಗಳ ಮೇಲಿನ ಅವಧಿ ಮುಗಿಯುವ ತಿಂಗಳನ್ನು ಬರೆದುಕೊಂಡು ಬನ್ನಿ.